ವಸಂತದ ತನಕ ತಡೆದರೆ ಸಾಕು

ಹಿಲ್ಕಾ ನಮ್ಮ ದಾರಿಯಲ್ಲಿ ಅಂಚೆ ಹಂಚಲು ಶುರುಮಾಡಿದಾಗ ಅವಳಿಗೆ ಮೂವತ್ತು ವರ್ಷ. ಈಗ ಹೇಳುವ ಸಂಗತಿ ನಡೆದಾಗ ಅರವತ್ತೆರಡು. ಅಷ್ಟೂ ಕಾಲ ವಾರಕ್ಕೆ ಐದು ದಿನ ಅವಳು ಅದೇ ನೂರಾ ನಲವತ್ತು ಕಿಲೋಮೀಟರ್ ಸುತ್ತಿದಳು. ಮೊದಲು ಇನ್ನೂರಕ್ಕೂ ಮೇಲೆ ಟಪಾಲು ಡಬ್ಬಗಳಿದ್ದವು. ಮನೆಗಳು ಒಂದೊಂದಾಗಿ ಖಾಲಿಯಾಗಿ ತೊಂಬತ್ತಕ್ಕೆ ಇಳಿದವು. ಕಡೆಯ ಡಬ್ಬ ನನ್ನದು. ಅಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಕಾರು ನಿಲ್ಲಿಸಿ ಒಳಗೆ ಬಂದು, ಎರಡು ಲೋಟ ಕಾಫಿ ಕುಡಿದು, ಏಲಕ್ಕಿ ಬನ್ನಿನ ತುಂಡೊಂದನ್ನು ತಿಂದು ಹೋಗುವುದು ಅವಳ ರೂಢಿ. ಹಾಗೆಯೇ ನಾವು ಸ್ನೇಹಿತೆಯರಾದದ್ದು. ನನ್ನ ಹೆಸರು ಐಲಾ. ಊರಿನ ಶಾಲೆ ಮುಚ್ಚುವ ತನಕ ಅಲ್ಲಿ ಅಡುಗೆ ಮಾಡುತ್ತಿದ್ದೆ.

ಅವಳ ಗಂಡ ತೈಸ್ಟೊ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದವನು. ಅವನು ದಿನವೊಂದಕ್ಕೆ ಆಡುವ ಮಾತು ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತಿತ್ತು. ಮಕ್ಕಳಾಗಲಿಲ್ಲ. ಅವನಿಗೆ ಅರವತ್ತೊಂಬತ್ತು ತುಂಬುವ ಹೊತ್ತಿಗೆ ನೆನಪು ಕೈಕೊಡಲು ತೊಡಗಿತು. ಮೊದಲು ಬೀಗದ ಕೈ ಮರೆತ, ಆಮೇಲೆ ನಲ್ಲಿ ನಿಲ್ಲಿಸುವುದನ್ನು ಮರೆತ, ಆಮೇಲೊಂದು ದಿನ ಮನೆಯೊಳಗಿನ ಚಪ್ಪಲಿಯಲ್ಲೇ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಕೊಂಡು ಹೊರಟ. ಮೀನು ಹಿಡಿಯುತ್ತಿದ್ದ ಯಾರೋ ಕಂಡು ಕರೆತಂದರು. ಆವತ್ತಿನಿಂದ ಹಿಲ್ಕಾ ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲಿಲ್ಲ. ತನ್ನ ಜೊತೆ ಕಾರಿನಲ್ಲಿ ಕರೆದುಕೊಂಡೇ ಅಂಚೆ ಹಂಚಿದಳು.

ಅದು ಸ್ಟೀರಿಂಗ್ ಬಲಗಡೆ ಇದ್ದ ಹಳೆಯ ಕೆಂಪು ಕಾರು. ರಸ್ತೆಯ ಬಲಬದಿಗೆ ಗಾಡಿ ಓಡಿಸುವ ನಮ್ಮಲ್ಲಿ ಅಂಥವು ಅಂಚೆಯವರ ಹತ್ತಿರ ಮಾತ್ರ ಇರುತ್ತವೆ, ಕೂತಲ್ಲಿಂದಲೇ ಕಿಟಕಿಯಾಚೆ ಕೈಚಾಚಿ ಡಬ್ಬಕ್ಕೆ ಕಾಗದ ಹಾಕಲೆಂದು. ಅವಳ ಪಕ್ಕದ ಸೀಟಿನ ತುಂಬ ಟಪಾಲಿನ ಪೆಟ್ಟಿಗೆಗಳು. ತೈಸ್ಟೊ ಹಿಂದೆ ಎಡಗಡೆ ಕಂಬಳಿ ಹೊದ್ದು ಕೂರುತ್ತಿದ್ದ. ಕೆಲಸದ ಗಾಡಿಯಲ್ಲಿ ಗಂಡನನ್ನು ಕೂರಿಸಿಕೊಂಡು ಹೋಗುವುದು ನಿಯಮಕ್ಕೆ ವಿರುದ್ಧ. ದಾರಿಯುದ್ದಕ್ಕೂ ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಕಾರು ಗರ್ಜಿಸಲು ಶುರುಮಾಡಿತು. ನಮ್ಮ ರಸ್ತೆಗಳಿಗೆ ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಕಾರಿನ ಹೊಟ್ಟೆಯಡಿ ತುಕ್ಕು ಹಿಡಿಯದ ಪೈಪೇ ಇಲ್ಲ. ಓಯ್ವಾ ಎಂಬ ಮುದುಕ ತನ್ನ ಡಬ್ಬದ ಹತ್ತಿರ ಕಾದು ನಿಂತಿದ್ದು ಅವಳನ್ನು ಕೆಣಕಿದನಂತೆ.

"ಏನಮ್ಮಾ ಹಿಲ್ಕಾ, ಅಂಚೆ ತರ್ತೀಯೋ ಯುದ್ಧದ ಟ್ಯಾಂಕ್ ತರ್ತೀಯೋ? ನನ್ನ ಕೋಳಿಗಳು ಮೊಟ್ಟೆ ಇಡೋದನ್ನೇ ಬಿಟ್ಟಿವೆ."

"ನಿನಗೆ ಬರೋದೆಲ್ಲ ಬರೀ ಬಿಲ್ಲು ತಾನೆ, ಟ್ಯಾಂಕ್‌ನಲ್ಲೇ ಬರ್ಲಿ ಬಿಡು" ಎಂದಳಂತೆ ಇವಳು.

ಅಕ್ಟೋಬರ್ ಮೊದಲ ವಾರ ಅವಳು ರೈಮೊನ ಗ್ಯಾರೇಜಿಗೆ ಹೋದಳು. ರೈಮೊ ಹಿಲ್ಕಾಳ ಜೊತೆ ಶಾಲೆಯಲ್ಲಿ ಓದಿದವನು, ಕೈ ಒಳ್ಳೆಯದು, ಮಾತೂ ನೇರ. ನನ್ನ ಕಾರಿಗೆ ಚಳಿಗಾಲದ ಟೈರು ಹಾಕಿಸಬೇಕಿತ್ತಾದ್ದರಿಂದ ನಾನೂ ಅಲ್ಲಿದ್ದೆ. ತೈಸ್ಟೊನನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿ ಪಕ್ಕದಲ್ಲಿ ನಿಂತಿದ್ದೆ. ಹಾಗಾಗಿ ಅಲ್ಲಿ ನಡೆದ ಮಾತೆಲ್ಲ ನನ್ನ ಕಿವಿಯಾರೆ ಕೇಳಿದ್ದು.

ರೈಮೊ ಕಾರನ್ನು ಮೇಲೆತ್ತಿ ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಚುಚ್ಚಿದ. ತುಕ್ಕು ಅವನ ಟೋಪಿಯ ಮೇಲೆ ಉದುರಿತು.

"ಇಲ್ಲಿ ಬಾ, ನೋಡು. ಹಿಂದಿನ ಸೈಲೆನ್ಸರ್ ಡಬ್ಬ ಮುಗೀತು. ಇದು ತಗಡಲ್ಲ, ಒಣ ರೊಟ್ಟಿ."

"ಅದು ನನಗೂ ಗೊತ್ತು. ಹೊಸದು ಹಾಕು."

"ಹಾಕ್ತೀನಿ. ಡಬ್ಬ ನನ್ನ ಹತ್ರಾನೇ ಇದೆ, ಒಂದು ಗಂಟೆ ಕೆಲಸ. ನನ್ನ ಯೋಚನೆ ಅದಲ್ಲ. ಮುಂದೆ ಬಾ, ಎಂಜಿನ್ ಕಡೆ. ಟಿಕ್ ಟಿಕ್ ಅಂತಿದ್ಯಲ್ಲ, ಕೇಳ್ಸುತ್ತಾ? ಇಲ್ಲೂ ಹೊಗೆ ಸೋರ್ತಿದೆ."

"ಸದ್ದು ಸಣ್ಣದಾಗಿದ್ಯಲ್ಲ."

"ಸದ್ದು ಸಣ್ಣದು. ಆದ್ರೆ ಇಲ್ಲಿ ಬರೋದು ಎಂಜಿನ್‌ನಿಂದ ಬಂದ ಹಸಿ ಹೊಗೆ. ಹಿಂದಿನ ಡಬ್ಬದ ಹೊಗೆ ಬರೀ ಗಲಾಟೆ, ಇದು ಹಾಗಲ್ಲ." ರೈಮೊ ಕೈ ಒರೆಸಿಕೊಂಡ. "ನನ್ನ ಕೇಳಿದ್ರೆ, ಮುಂದಿನಿಂದ ಹಿಂದಿನ ತನಕ ಎಲ್ಲಾ ಪೈಪು ಬಿಚ್ಚಿ ಹೊಸದು ಹಾಕ್ಬೇಕು. ಈ ಬೋಲ್ಟುಗಳು ನೋಡು, ಮುಟ್ಟಿದ್ರೆ ಮುರಿಯುತ್ವೆ. ಮುರಿದ ಮೇಲೆ ಗಾಡಿ ಇಲ್ಲಿಂದ ಅಲ್ಲಾಡಲ್ಲ. ಸಾಮಾನು ಪೇಟೆಯಿಂದ ಬರ್ಬೇಕು. ಮೂರು ದಿನ, ನಾಲ್ಕೂ ಆಗ್ಬಹುದು."

"ವೆಲ್ಡಿಂಗ್ ಮಾಡು."

"ಯಾವುದಕ್ಕೆ ಮಾಡ್ಲಿ? ಬೆಂಕಿ ತೋರಿಸಿದ್ರೆ ಬೆಣ್ಣೆ ಥರ ಕರಗಿ ಹೋಗುತ್ತೆ. ಇನ್ನು ಉಳಿದಿರೋದು ಒಂದೇ. ಪೇಸ್ಟ್ ಬಳಿದು ಮೇಲೆ ಪಟ್ಟಿ ಸುತ್ತೋದು. ಅದು ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ, ಅಷ್ಟೇ."

ಹಿಲ್ಕಾ ಬೋಲ್ಟುಗಳನ್ನೇ ನೋಡಿದಳು. ಅವಳು ಲೆಕ್ಕ ಹಾಕುತ್ತಿದ್ದದ್ದು ದುಡ್ಡನ್ನಲ್ಲ. ಮೂರು ದಿನ ರಜೆ ಕೇಳಿದರೆ ಪೇಟೆಯ ಕಚೇರಿಯವರು ಯಾಕೆಂದು ಕೇಳುತ್ತಾರೆ. ಬದಲಿಗೆ ಯಾರನ್ನಾದರೂ ಕಳಿಸಿದರೆ ಅವರು ದಾರಿ ಕಲಿಯಲೆಂದು ರಜೆಗೆ ಮುಂಚೆ ಒಂದು ದಿನ ಇವಳ ಜೊತೆ ಕೂರಬೇಕು, ಹಿಂದಿನ ಸೀಟು ನೋಡುತ್ತಾರೆ. ಅಲ್ಲಿಗೆ ಗುಟ್ಟು ರಟ್ಟಾಗುತ್ತದೆ. ಗಂಡನೋ ಕೆಲಸವೋ ಒಂದನ್ನು ಬಿಡಬೇಕಾಗುತ್ತದೆ.

"ಅಷ್ಟು ದಿನ ತೈಸ್ಟೊ ನನ್ನ ಮನೇಲಿ ಇರ್ಲಿ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಂದೊಮ್ಮೆ ಅವನು ನನ್ನ ಮನೆಯಲ್ಲಿ ಒಂದು ಮಧ್ಯಾಹ್ನ ಇದ್ದಾಗ ನನ್ನನ್ನು ಕಳ್ಳಿಯೆಂದು ತಿಳಿದು ಕೈ ತಿರುಚಿದ್ದ. ಆ ಮಾತನ್ನು ನುಂಗಿಕೊಂಡೆ.

"ಹಿಂದಿನ ಡಬ್ಬ ಹೊಸದು ಹಾಕು, ಮುಂದೆ ಪಟ್ಟಿ ಸುತ್ತು" ಎಂದಳು ಹಿಲ್ಕಾ. "ವಸಂತದ ತನಕ ತಡೆದರೆ ಸಾಕು. ಏಪ್ರಿಲ್‌ನಲ್ಲಿ ಹೇಗೂ ವರ್ಷದ ತಪಾಸಣೆ ಇದೆ, ಆಗ ಎಲ್ಲಾ ಮಾಡಿಸ್ತೀನಿ."

"ತಡೆಯುತ್ತೆ ಅಂತ ನಾನು ಬರೆದುಕೊಡೋಕಾಗಲ್ಲ."

"ಬರೆದುಕೊಡು ಅಂತ ಯಾರು ಕೇಳಿದ್ರು? ಸುತ್ತು ಅಂದೆ."

"ಸರಿ. ಕಿಟಕಿ ತೆಗೆದಿಟ್ಕೋ ಮತ್ತೆ."

"ಮೂವತ್ತು ವರ್ಷದಿಂದ ತೆಗೆದೇ ಇದೆ ಕಣೋ" ಎಂದು ಹಿಲ್ಕಾ ನಕ್ಕಳು. ರೈಮೊನೂ ನಕ್ಕ. ಹೊರಗೆ ಐದು ಕಾರುಗಳು ಟೈರಿಗಾಗಿ ಕಾಯುತ್ತಿದ್ದವು. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು.

ಕಾರು ಮೌನವಾಯಿತು. ಹೊಸ ಡಬ್ಬ ಸದ್ದನ್ನೆಲ್ಲ ನುಂಗಿತು. ಮುಂದೆ ಸುತ್ತಿದ್ದ ಪಟ್ಟಿ ಯಾವಾಗ ಬಿರುಕುಬಿಟ್ಟಿತೋ ಯಾರಿಗೂ ತಿಳಿಯಲಿಲ್ಲ. ನವೆಂಬರಿನ ಮೊದಲ ಗಡಸು ಚಳಿಗೇ ಹೋಗಿರಬೇಕು ಎಂದು ರೈಮೊ ಆಮೇಲೆ ಹೇಳಿದ. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ, ಹಾಸಿನ ಕೆಳಗೆ, ಉಪ್ಪು ತಿಂದ ತಗಡಿನಲ್ಲಿ ಅಂಗೈಯಗಲದ ತೂತು ಇದ್ದದ್ದೂ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಟಪಾಲು ಡಬ್ಬದ ಮುಂದೆ ಕಾರು ನಿಂತಾಗ ಹೊಗೆ ಅಡಿಯಲ್ಲಿ ಸೇರಿ, ಆ ತೂತಿನಿಂದ ಮೇಲೆ ಬಂದು, ಕಂಬಳಿ ಹೊದ್ದು ಕೂತವನ ಸುತ್ತ ತುಂಬಿಕೊಳ್ಳುತ್ತಿತ್ತು. ಹಿಲ್ಕಾಳ ಮುಖಕ್ಕೆ ತೆರೆದ ಕಿಟಕಿಯ ಗಾಳಿ ಬಡಿಯುತ್ತಿತ್ತು.

ತೈಸ್ಟೊಗೆ ಮಾತ್ರ ಗೊತ್ತಿತ್ತು.

"ತಗಡು ತೆಗಿ" ಎನ್ನಲು ಶುರುಮಾಡಿದ ಅವನು. "ಅಮ್ಮಾ, ತಗಡು ತೆಗಿ."

ಇದನ್ನು ಕೇಳಿ ಯಾರೂ ಆಶ್ಚರ್ಯಪಡಲಿಲ್ಲ. ಅವನ ಕಥೆ ನಮ್ಮೂರಿಗೆಲ್ಲ ಗೊತ್ತು. ನಮ್ಮ ಒಲೆಗಳ ಹೊಗೆಗೂಡಿಗೆ ಒಂದು ತಗಡಿನ ಬಾಗಿಲಿರುತ್ತದೆ. ಕೆಂಡ ಪೂರ್ತಿ ಆರಿದ ಮೇಲೆ ಅದನ್ನು ಮುಚ್ಚಿದರೆ ಮನೆಯೊಳಗೆ ಬಿಸಿ ಉಳಿಯುತ್ತದೆ. ಅವಸರಪಟ್ಟು ಮುಚ್ಚಿದರೆ ವಿಷಗಾಳಿ ಮನೆಗೇ ತಿರುಗುತ್ತದೆ. ತೈಸ್ಟೊಗೆ ಎಂಟು ವರ್ಷವಾಗಿದ್ದಾಗ ಅವನ ತಾಯಿ ಹಾಗೆ ಅವಸರಪಟ್ಟಳು. ಬೆಳಗಾಗುವಷ್ಟರಲ್ಲಿ ತಾಯಿಯೂ ತೊಟ್ಟಿಲಲ್ಲಿದ್ದ ತಂಗಿಯೂ ಹೋಗಿದ್ದರು. ಬಾಗಿಲ ಸಂದಿಯ ಗಾಳಿ ಬೀಸುವ ಕಡೆ ಬೆಂಚಿನ ಮೇಲೆ ಮಲಗಿದ್ದ ಇವನೊಬ್ಬ ಉಳಿದ. ಜೀವಮಾನದಲ್ಲಿ ಒಂದು ದಿನವೂ ಅದರ ಬಗ್ಗೆ ಮಾತೆತ್ತದವನು ಈಗ ಕಾರಿನಲ್ಲಿ ಕೂತು ದಿನಾ ಅದನ್ನೇ ಹೇಳುತ್ತಿದ್ದ.

"ಪಾಪ, ಮಗುವಾಗಿಬಿಟ್ಟಿದಾನೆ" ಎಂದು ಹಿಲ್ಕಾ ನನ್ನೆದುರು ಕಣ್ಣೊರೆಸಿಕೊಂಡಳು. "ಅರವತ್ತು ವರ್ಷ ಹೊಟ್ಟೆಯೊಳಗೆ ಇಟ್ಕೊಂಡಿದ್ದು ಈಗ ಹೊರಗೆ ಬರ್ತಿದೆ. 'ತೆಗೆದೆ ಕಣಪ್ಪ, ತಗಡು ತೆಗೆದೆ, ಮಲ್ಕೋ' ಅಂತೀನಿ. ಸುಮ್ಮನಾಗ್ತಾನೆ."

"ಹೌದು ಕಣೇ, ಈ ಕಾಯಿಲೆ ಹಾಗೇನೇ. ಹಳೇದೆಲ್ಲ ಮೇಲೆ ಬರುತ್ತೆ" ಎಂದೆ ನಾನು, ತಿಳಿದವಳ ಹಾಗೆ.

ಡಿಸೆಂಬರಿನಲ್ಲಿ ಅವನು ಬಹಳ ಬೇಗ ಇಳಿದುಹೋದ. ತಲೆ ಹಿಡಿದುಕೊಂಡು ನರಳುತ್ತಿದ್ದ, ತಿಂದದ್ದನ್ನು ಕಾರುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ನೋಡಿ, ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ ಎಂದರು, ಮಾತ್ರೆ ಬದಲಾಯಿಸಿದರು. ದಿನದ ಬಹುಭಾಗ ಎಲ್ಲಿರುತ್ತಾನೆ ಎಂದು ಅವರು ಕೇಳಿದಾಗ ಹಿಲ್ಕಾ "ನನ್ನ ಜೊತೆ, ಮನೇಲಿ" ಎಂದಿದ್ದಳು. ನಿಜ ಹೇಳುವ ಹಾಗಿರಲಿಲ್ಲವಲ್ಲ. ಶನಿವಾರ ಭಾನುವಾರ ಅವನು ಸ್ವಲ್ಪ ಗೆಲುವಾಗಿರುತ್ತಿದ್ದ. ಭಾನುವಾರ ಸಂಜೆ ಕೆಲವೊಮ್ಮೆ ತಾನೇ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಮನೆಯಲ್ಲಿ ಪಕ್ಕದಲ್ಲೇ ಕೂತಿರುತ್ತೇನಲ್ಲ, ಅದಕ್ಕೆ ಎಂದು ಹಿಲ್ಕಾ ಸಂತೋಷಪಡುತ್ತಿದ್ದಳು.

ಜನವರಿ ಕೊನೆಯ ಒಂದು ದಿನ, ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ, ನನ್ನ ಡಬ್ಬದ ಮುಂದೆ ಅವಳ ಕಾರು ಬಹಳ ಹೊತ್ತು ನಿಂತೇ ಇತ್ತು. ಹೊರಗೆ ಹೋಗಿ ನೋಡಿದೆ. ಹಿಲ್ಕಾ ಹಿಂದಿನ ಬಾಗಿಲು ತೆಗೆದು ಗಂಡನನ್ನು ಎಳೆಯುತ್ತಿದ್ದಳು. ಅವನು ಮೂಟೆಯ ಹಾಗೆ ಹಿಮದ ಮೇಲೆ ಉರುಳಿದ. ಮೈಮೇಲೆಲ್ಲ ವಾಂತಿ. ಕಾಲು ನಿಲ್ಲಲಿಲ್ಲ. ಮುಖ ಮಾತ್ರ ಹಿಮದಲ್ಲಿ ಜಾರುಬಂಡಿ ಆಡಿ ಬಂದ ಮಗುವಿನ ಮುಖದ ಹಾಗೆ ಕೆಂಪಗಿತ್ತು. ಇಬ್ಬರೂ ಸೇರಿ ಅವನನ್ನು ನನ್ನ ಮನೆಯೊಳಕ್ಕೆ ಹೊತ್ತು ತಂದೆವು. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟ.

"ಹಿಲ್ಕಾ, ಇನ್ನು ಆಗಲ್ಲ ಕಣೇ. ವೃದ್ಧಾಶ್ರಮಕ್ಕೆ ಸೇರಿಸು" ಎಂದೆ.

"ನೀನೂ ಅದನ್ನೇ ಹೇಳ್ತೀಯಾ?"

"ಹೂಂ, ಹೇಳ್ತೀನಿ. ಇನ್ನೊಬ್ರು ಯಾರು ಹೇಳ್ಬೇಕು ನಿನಗೆ? ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯಾ? ನೀನು ಬಿದ್ದರೆ ಅವನನ್ನ ಎತ್ತೋರು ಯಾರು?"

"ನಲವತ್ತು ವರ್ಷ ಸಂಸಾರ ಮಾಡಿ ಕೊನೆಗೆ ಒಂದು ಪಾರ್ಸೆಲ್ ಹಾಗೆ ಕಳಿಸಿಬಿಡ್ಲಾ?" ಎಂದು ಅವಳು ನನ್ನ ಮೇಲೆ ಕೂಗಿದಳು. ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತಳು. ಕಾಫಿ ಮುಟ್ಟಲಿಲ್ಲ.

ಫೆಬ್ರವರಿ ಎರಡನೆಯ ವಾರ ಅವನನ್ನು ತಾಲ್ಲೂಕು ಕೇಂದ್ರದ ವೃದ್ಧಾಶ್ರಮಕ್ಕೆ ಸೇರಿಸಿದಳು. ಅವನ ಉಣ್ಣೆಯ ಕಾಲುಚೀಲಗಳಿಗೆಲ್ಲ ಹೆಸರಿನ ಪಟ್ಟಿ ಹೊಲಿಯಲು ನಾನೂ ಕೂತಿದ್ದೆ.

ಮೂರು ವಾರ ಕಳೆದಿರಬಹುದು. ಒಂದು ಭಾನುವಾರ ಅವಳು ಹೋದಾಗ ತೈಸ್ಟೊ ಕಿಟಕಿಯ ಬಳಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಕ್ಷೌರವಾಗಿತ್ತು. ಹಿಲ್ಕಾಳನ್ನು ನೋಡಿ, "ನಿನ್ನ ದಾರೀಲಿ ಹಿಮ ತೆಗೆದಿದಾರಾ? ಗಡಿ ಕಡೆ ತಿರುವಿನಲ್ಲಿ ಹುಷಾರು" ಎಂದ. ಒಂದು ವರ್ಷದಿಂದ ಅವನು ಅವಳಿಗೊಂದು ಕೆಲಸವಿದೆ ಎಂಬುದನ್ನೇ ಮರೆತಿದ್ದ. ಅವಳಿಗೆ ಸಂತೋಷ ತಡೆಯಲಾಗಲಿಲ್ಲವಂತೆ. ಬಾಗಿಲ ತನಕ ಬಿಡಲು ಬಂದ ಸಿರ್ಪಾ ಎಂಬ ನರ್ಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ನೋಡಿದ್ರಾ? ನಿಮ್ಮ ಯಜಮಾನ್ರು ಇಲ್ಲಿಗೆ ಬಂದ ಮೇಲೆ ಚಿಗುರಿಬಿಟ್ಟಿದಾರೆ. ನಾವೇ ಆಶ್ಚರ್ಯಪಟ್ವಿ. ಕೆಲವರಿಗೆ ಮನೆಯಿಂದ ದೂರ ಇದ್ರೇನೇ ಒಗ್ಗುತ್ತೆ."

ಆ ಮಾತು ಹಿಲ್ಕಾಳ ಎದೆಯಲ್ಲಿ ಮುಳ್ಳಾಗಿ ಕೂತಿತು.

"ನನ್ನ ಹತ್ರ ಇದ್ದಾಗ ಕೊರಡಿನ ಹಾಗಿದ್ದ" ಎಂದಳು ಸೋಮವಾರ ನನ್ನ ಅಡುಗೆಮನೆಯಲ್ಲಿ. "ನನ್ನ ಕೈ ಬಿಟ್ಟ ಮೇಲೆ ಮನುಷ್ಯನಾದ. ಏನರ್ಥ ಹೇಳು ಇದಕ್ಕೆ?"

"ಹುಚ್ಚಿ, ಅಲ್ಲಿ ಹೊತ್ತುಹೊತ್ತಿಗೆ ಔಷಧಿ ಕೊಡ್ತಾರೆ, ಅಷ್ಟೇ."

"ನಾನೂ ಕೊಡ್ತಿದ್ದೆ. ಒಂದು ಹೊತ್ತೂ ತಪ್ಪಿಸಿಲ್ಲ. ನನ್ನಲ್ಲೇ ಏನೋ ಇದೆ ಕಣೇ. ನಾನು ಅವನಿಗೆ ಒಗ್ಗಲ್ಲ."

ಅವಳು ಹೋಗುವುದನ್ನು ಕಡಿಮೆ ಮಾಡಿದಳು. ಮೊದಲು ವಾರಕ್ಕೆ ಮೂರು ಸಲ ಹೋಗುತ್ತಿದ್ದವಳು ಹದಿನೈದು ದಿನಕ್ಕೊಮ್ಮೆ ಹೋದಳು. ಹೋದರೂ ಕಾಲು ಗಂಟೆ ಕೂತು ಎದ್ದುಬರುತ್ತಿದ್ದಳು. "ನಾನು ಹೋದ್ರೆ ಮತ್ತೆ ಹಾಳಾಗ್ತಾನೆ" ಎನ್ನುತ್ತಿದ್ದಳು. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಆ ಭಾನುವಾರಗಳಲ್ಲಿ ಅವನು ಬೆಳಗಿನಿಂದ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ, ಕೆಂಪು ಕಾರು ಬಂತಾ ಎಂದು ಕೇಳುತ್ತಿದ್ದ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಏಪ್ರಿಲ್ ಹನ್ನೊಂದಕ್ಕೆ ತಪಾಸಣೆ. ನನಗೆ ಪೇಟೆಯಲ್ಲಿ ಕನ್ನಡಕ ತರುವುದಿತ್ತು, ಅವಳ ಜೊತೆ ಹೋದೆ. ತಪಾಸಣೆ ಮಾಡುವಾತ ನಲವತ್ತರ ಸೌಮ್ಯ ಮನುಷ್ಯ. ಕಾರಿನ ಅಡಿಗೆ ಹೋದವನು ಸ್ವಲ್ಪ ಹೊತ್ತಿಗೆ ಹೊರಬಂದು ಹಿಂದಿನ ಬಾಗಿಲು ತೆಗೆದು ಕಾಲಡಿಯ ಹಾಸನ್ನು ಎತ್ತಿದ. ತೂತಿನಲ್ಲಿ ಕೆಳಗಿನ ಸಿಮೆಂಟು ನೆಲ ಕಂಡಿತು. ಅವನು ಒಂದು ಪುಟ್ಟ ಯಂತ್ರ ತಂದು ಹಿಂದಿನ ಸೀಟಿನ ಮೇಲಿಟ್ಟು, ಬಾಗಿಲು ಮುಚ್ಚಿ, ಎಂಜಿನ್ ಓಡಿಸಿ ಬಿಟ್ಟ. ಕೆಲವೇ ನಿಮಿಷಗಳಲ್ಲಿ ಅದು ಕಿರುಚಲು ತೊಡಗಿತು.

"ಈ ಗಾಡಿ ಇಲ್ಲಿಂದ ಓಡಿಸ್ಕೊಂಡು ಹೋಗೋ ಹಾಗಿಲ್ಲ, ಎಳೆಸ್ಕೊಂಡು ಹೋಗ್ಬೇಕು" ಎಂದ. "ಹಿಂದೆ ಯಾರಾದ್ರೂ ಕೂತ್ಕೋತಾರಾ?"

"ಈಗ ಇಲ್ಲ" ಎಂದಳು ಹಿಲ್ಕಾ.

"ನಾಯಿನೂ ಕೂರಿಸ್ಬೇಡಿ. ಮುಂದೆ ಪೈಪ್ ಸೋರಿದ್ದೆಲ್ಲ ನೇರ ಇಲ್ಲಿಗೇ ಬರ್ತಿದೆ."

"ಇಲ್ಲಿ ಒಬ್ಬ ಮನುಷ್ಯ ದಿನಾ ಆರು ಗಂಟೆ ಕೂತಿದ್ರೆ ಏನಾಗ್ತಿತ್ತು?"

ಅವನು ಅವಳ ಮುಖ ನೋಡಿದ. "ತಲೆನೋವು, ವಾಂತಿ. ಮಂಕು ಕವಿಯುತ್ತೆ. ಕೂತಲ್ಲೇ ನಿದ್ದೆ ಹೋಗ್ತಾರೆ."

"ಮುಖ ಕೆಂಪಾಗುತ್ತಾ?"

"ಆಗ್ಬಹುದು ಅಂತ ಕೇಳಿದೀನಿ. ಯಾಕೆ ಕೇಳ್ತಿದೀರಿ?"

ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಇತ್ತು, ಹಿಲ್ಕಾ ಅದರ ಮೇಲೆ ಕೂತಳು. ನನ್ನನ್ನು ನೋಡದೆ, "ಅವನು ಹೇಳ್ತಾನೇ ಇದ್ದ" ಎಂದಳು. "ದಿನಾ ಹೇಳ್ತಿದ್ದ. ನಾನು 'ತೆಗೆದೆ' ಅಂತಿದ್ದೆ."

ನಾನು ಹೋಗಿ ರೈಮೊಗೆ ಫೋನ್ ಮಾಡಿದೆ.

ರೈಮೊ ತನ್ನ ಎಳೆಯುವ ಗಾಡಿ ತಂದು ಕಾರನ್ನು ಗ್ಯಾರೇಜಿಗೆ ಒಯ್ದ. ನಾವೂ ಅವನ ಪಕ್ಕದಲ್ಲೇ ಕೂತು ಹೋದೆವು. ಕಾರು ಮೇಲೆದ್ದಾಗ ಅವನು ಸುತ್ತಿದ್ದ ಪಟ್ಟಿ ಅರ್ಧ ಹರಿದು ಜೋತಾಡುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತ.

"ಆವತ್ತು ಹಾಸು ಎತ್ತಿ ನೋಡ್ಲಿಲ್ಲ ನೀನು" ಎಂದಳು ಹಿಲ್ಕಾ.

"ನೋಡ್ಲಿಲ್ಲ."

"ಯಾಕೆ?"

"ನೀನು ಅವಸರ ಮಾಡ್ತಿದ್ದೆ." ಅಷ್ಟು ಹೇಳಿ ರೈಮೊ ತಡೆದ. "ಇಲ್ಲ. ಅವಸರ ನನಗೂ ಇತ್ತು. ಅವನು ನಿನ್ನ ಜೊತೆ ಗಾಡೀಲಿ ಇರ್ತಾನೆ ಅಂತ ನನಗೆ ಗೊತ್ತಿತ್ತು. ಈ ಪೆಟ್ಟಿಗೆ ಮೇಲೇ ಕೂತಿದ್ದ. ನಾನು ಪಟ್ಟಿ ಸುತ್ತೋಲ್ಲ ಅಂತ ಹೇಳ್ಬೇಕಿತ್ತು."

"ನೀನು ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ."

"ಆದ್ರೂ ಹೇಳ್ಬೇಕಿತ್ತು." ಅವನು ಮೂಗು ಒರೆಸಿಕೊಂಡ. "ಈಗ ಎಲ್ಲಾ ಹೊಸದು ಹಾಕ್ತೀನಿ, ಹಿಲ್ಕಾ. ನೆಲಕ್ಕೂ ತಗಡು ಬೆಸೀತೀನಿ. ನೀನು ಒಂದು ಕಾಸೂ ಕೊಡ್ಬೇಡ."

"ಕೊಡ್ತೀನಿ" ಎಂದಳು ಅವಳು. "ಎಷ್ಟಾಗುತ್ತೋ ಅಷ್ಟೂ ತಗೋತೀಯ. ಪುಕ್ಕಟೆ ಮಾಡಿ ಕೈ ತೊಳ್ಕೊಳ್ಳೋಕೆ ನಾನು ಬಿಡಲ್ಲ."

ಕೆಲಸಕ್ಕೆ ಮೂರು ದಿನ ಹಿಡಿಯಿತು. ಹಿಲ್ಕಾ ನನ್ನ ಮನೆಯಿಂದಲೇ ಪೇಟೆಯ ಕಚೇರಿಗೆ ಫೋನ್ ಮಾಡಿ ಕಾರು ಕೆಟ್ಟಿದೆ, ರಜೆ ಬೇಕು ಎಂದಳು. ಆ ಕಡೆಯ ಹೆಂಗಸು ಕೇಳಿದ್ದು ಒಂದೇ ಮಾತು, ಯಾವತ್ತಿನಿಂದ ಎಂದು. ಬದಲಿಯವನು ತನ್ನದೇ ಕಾರು ತಂದ, ನಕ್ಷೆ ನೋಡಿಕೊಂಡು ದಾರಿ ತಾನೇ ಹುಡುಕಿಕೊಂಡ. ಫೋನ್ ಇಟ್ಟ ಮೇಲೆ ಹಿಲ್ಕಾ ತನ್ನ ಕೈಯನ್ನೇ ನೋಡುತ್ತ ಕೂತಳು. "ಇಷ್ಟೇನಾ?" ಎಂದಳು.

ಆ ಮೂರು ದಿನವೂ ನಾನು ಅವಳನ್ನು ಆಶ್ರಮಕ್ಕೆ ಕರೆದುಕೊಂಡು ಹೋದೆ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಮಾರ್ಚಿನಲ್ಲಿ ಅವನ ನೆನಪಿಗೆ ಬಂದಿದ್ದ ಬೆಳಕು ಏಪ್ರಿಲಿಗೆ ಕುಂದಿತ್ತು. ಈಗಿನದು ಅವನ ಕಾಯಿಲೆಯದೇ ಕೆಲಸ. ಹಿಲ್ಕಾ ಡಾಕ್ಟರಿಗೆ ಎಲ್ಲವನ್ನೂ, ಹಿಂದೆ ಹೇಳಿದ್ದ ಸುಳ್ಳನ್ನೂ ಸೇರಿಸಿ, ಹೇಳಿಕೊಂಡಳು. ಎರಡು ತಿಂಗಳ ಮೇಲೆ ರಕ್ತದಲ್ಲಿ ಏನೂ ಸಿಗುವುದಿಲ್ಲ, ಇದರಲ್ಲಿ ಕಾಯಿಲೆಯ ಪಾಲೆಷ್ಟು, ಹೊಗೆಯ ಪಾಲೆಷ್ಟು ಎಂದು ಇನ್ನು ಯಾರೂ ಹೇಳಲಾರರು ಎಂದರು ಅವರು. ಮನೆಗೆ ಕರೆದುಕೊಂಡು ಹೋಗಲಾ ಎಂದು ಕೇಳಿದಳು. ಅವನೀಗ ತಾನಾಗಿ ನುಂಗಲೂ ಮರೆಯುತ್ತಿದ್ದಾನೆ, ಬೇಡ ಎಂದರು.

ಮೂರನೆಯ ದಿನ ಅವಳು ಅವನ ಮುಂದೆ ಮಂಡಿಯೂರಿ ಕೂತು ಕೈ ಹಿಡಿದುಕೊಂಡಳು. ನಾನು ಬಾಗಿಲ ಬಳಿ ನಿಂತಿದ್ದೆ.

"ತೈಸ್ಟೊ, ನನ್ನ ಕಾರಿನಲ್ಲಿ ವಿಷದ ಹೊಗೆ ಬರ್ತಿತ್ತು. ಹಿಂದೆ ಕೂತಿದ್ದವನಿಗೆ ಗೊತ್ತಾಗಿ ಹೇಳ್ತಿದ್ದ. ನಾನು ಕೇಳ್ಲಿಲ್ಲ."

ಅವನು ಗಮನವಿಟ್ಟು ಕೇಳಿದ. ಅವಳು ಯಾರೆಂದು ಅವನಿಗೆ ತಿಳಿದಿರಲಿಲ್ಲ.

"ಆ ಮನುಷ್ಯ ಬದುಕಿದಾನಾ?" ಎಂದು ಕೇಳಿದ.

"ಬದುಕಿದಾನೆ."

"ಹಾಗಾದ್ರೆ ಒಳ್ಳೇದಾಯ್ತು ಬಿಡಿ" ಎಂದು ಅವಳ ಕೈ ತಟ್ಟಿದ, ಅಪರಿಚಿತರನ್ನು ಸಮಾಧಾನ ಮಾಡುವ ಹಾಗೆ.

ಆಮೇಲೆ ಅವಳು ದಿನವೂ ಕೆಲಸ ಮುಗಿಸಿ ಅಲ್ಲಿಗೆ ಹೋದಳು. ನನ್ನ ಮನೆಯ ಕಾಫಿ ನಿಂತುಹೋಯಿತು. ಡಬ್ಬಕ್ಕೆ ಕಾಗದ ಹಾಕಿ ಕೈಯೆತ್ತಿ ಹೊರಟುಬಿಡುತ್ತಿದ್ದಳು. ಚಮಚದಿಂದ ಅವನಿಗೆ ಉಣಿಸುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಸಿರ್ಪಾ ಒಂದು ದಿನ ತಡೆಯಲಾರದೆ, ಮಾರ್ಚಿನ ಭಾನುವಾರಗಳಲ್ಲಿ ಅವನು ಕಿಟಕಿಯ ಬಳಿ ಕಾದದ್ದನ್ನು ಹೇಳಿದಳು. ಅದನ್ನು ಹೇಳದಿದ್ದರೇ ಚೆನ್ನಾಗಿತ್ತೇನೋ. ಹಿಲ್ಕಾ ಆ ವಾರ ಐದು ದಿನ ಯಾರೊಂದಿಗೂ ಮಾತಾಡಲಿಲ್ಲ. ಆಶ್ರಮದಲ್ಲಿ ಅವನಿಗೆ ಅವಳ ಗುರುತಿದ್ದದ್ದು ಹೆಚ್ಚೆಂದರೆ ಐದು ವಾರ. ಅಷ್ಟರಲ್ಲಿ ಅವಳು ಹೋಗಿದ್ದದ್ದು ಬೆರಳೆಣಿಕೆಯಷ್ಟು ಸಲ.

ನವೆಂಬರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿ ನಾಲ್ಕು ದಿನದಲ್ಲಿ ತೈಸ್ಟೊ ಹೋದ. ನೆಲ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಅಗೆಯುವುದು ಕಷ್ಟವಾಗಲಿಲ್ಲ. ಚರ್ಚಿಗೆ ಇಪ್ಪತ್ತು ಜನ ಬಂದಿದ್ದರು, ಹೆಚ್ಚಿನವರು ಅವಳ ದಾರಿಯ ಮನೆಗಳವರು. ರೈಮೊ ಎಲ್ಲಕ್ಕಿಂತ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಮಣ್ಣು ಹಾಕುವಾಗಲೂ ದೂರದಲ್ಲೇ, ಟೋಪಿ ಕೈಯಲ್ಲಿ ಹಿಡಿದು, ಬರ್ಚ್ ಮರದ ಕೆಳಗೆ ನಿಂತಿದ್ದ. ಎಲ್ಲರೂ ಕಾಫಿಗೆ ಪಕ್ಕದ ಸಭಾಂಗಣಕ್ಕೆ ಹೊರಟಾಗ ಅವನು ತನ್ನ ಗಾಡಿಯ ಕಡೆ ತಿರುಗಿದ. ಹಿಲ್ಕಾ ನನ್ನ ತೋಳು ಬಿಟ್ಟು ಅವನ ಹಿಂದೆ ಹೋದಳು.

"ರೈಮೊ, ಎಲ್ಲಿಗೆ ಹೊರಟೆ? ಕಾಫಿ ಕುಡಿದು ಹೋಗು."

"ಬೇಡ ಹಿಲ್ಕಾ. ಜನರ ಮಧ್ಯೆ ನನಗೆ..."

"ಬಾ ಅಂದೆ."

ಅವನು ಬಂದ. ಹಿಲ್ಕಾ ಅವನನ್ನು ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡಳು. ಮೀನು ತುಂಬಿದ ರೊಟ್ಟಿಯ ತಟ್ಟೆ ಅವನ ಮುಂದೆ ಸರಿಸಿದಳು. ಅವನು ತಿನ್ನಲಿಲ್ಲ. ಎರಡು ಗಂಟೆ ಹೊತ್ತು ಇಬ್ಬರೂ ಹಾಗೇ ಪಕ್ಕಪಕ್ಕ ಕೂತಿದ್ದರು. ಬಂದವರು ಬಗ್ಗಿ ಹಿಲ್ಕಾಳ ಕೈ ಹಿಡಿದು, "ದೊಡ್ಡ ಮನಸ್ಸು ನಿನ್ನದು, ಕೊನೇ ತನಕ ಚೆನ್ನಾಗಿ ನೋಡ್ಕೊಂಡೆ" ಎಂದು ಹೇಳಿ ಹೋಗುತ್ತಿದ್ದರು. ಪ್ರತಿ ಸಲ ಅವಳು ತಲೆಯಾಡಿಸುತ್ತಿದ್ದಳು. ಪ್ರತಿ ಸಲ ರೈಮೊ ಮೇಜಿನ ಬಟ್ಟೆಯನ್ನು ನೋಡುತ್ತಿದ್ದ.

ಮನೆಗೆ ಹಿಂದಿರುಗುವಾಗ ನಾನು ಕೇಳಿದೆ, "ಅವನನ್ನ ಕ್ಷಮಿಸಿದ್ಯಾ?"

"ಇಲ್ಲ" ಎಂದಳು ಹಿಲ್ಕಾ. ರಸ್ತೆಯ ಮೇಲೆ ವರ್ಷದ ಮೊದಲ ಹಿಮ ತೆಳ್ಳಗೆ ಬಿದ್ದಿತ್ತು. "ಎಲ್ಲರೂ ನನ್ನ ಹೊಗಳ್ತಾರೆ ಅಂತ ಗೊತ್ತಿತ್ತು. ನಿಜ ಏನು ಅಂತ ಗೊತ್ತಿರೋರು ಒಬ್ಬರಾದ್ರೂ ಪಕ್ಕದಲ್ಲಿ ಬೇಕಿತ್ತು ಕಣೇ."

ನನಗೂ ಗೊತ್ತಿತ್ತಲ್ಲ ಎಂದು ನಾನು ಹೇಳಲಿಲ್ಲ. ಅವಳೂ ನನ್ನ ಕಡೆ ತಿರುಗಲಿಲ್ಲ. ಅವಳ ಮನೆಯ ಅಂಗಳ ಬಂತು, ಇಳಿದು ಒಳಗೆ ಹೋದಳು.